ಅಂಗಡಿ ಚಾಕಲೇಟು, ಮನೆ ಚಾಕಲೇಟು

ಮೂರು ಚಾಕಲೇಟು, ಒಂದು ಕಾರ್ಡು. ಒಟ್ಟು 170 ಯೆನ್. 1958ರ ಫೆಬ್ರವರಿಯಲ್ಲಿ ಟೋಕಿಯೋದ ಶಿಂಜುಕುವಿನ ಇಸೆತಾನ್ ಅನ್ನೋ ದೊಡ್ಡ ಮಳಿಗೆಯಲ್ಲಿ ಮೇರಿ ಚಾಕಲೇಟ್ ಎಂಬ ಕಂಪನಿ ಮೂರು ದಿನ ಕೂತು ಮಾಡಿದ ವ್ಯಾಪಾರ ಇಷ್ಟು. ಐವತ್ತು ಯೆನ್ನಿನ ಚಾಕಲೇಟು ಮೂರು ಹೋದವು, ಇಪ್ಪತ್ತು ಯೆನ್ನಿನ ಕಾರ್ಡು ಒಂದು ಹೋಯಿತು. ನಮ್ಮೂರ ಸಂತೆಯಲ್ಲಿ ಕೊತ್ತಂಬರಿ ಸೊಪ್ಪು ಮಾರುವ ಅಜ್ಜಿ ಇದಕ್ಕಿಂತ ಚೆನ್ನಾಗಿ ವ್ಯಾಪಾರ ಮಾಡ್ತಾಳೆ.

ಆ ಮಾರಾಟದ ಹಿಂದೆ ಇದ್ದಿದ್ದು ಹಾರಾ ಕುನಿಯೋ ಅನ್ನೋ ಹುಡುಗ. ಕಂಪನಿ ಕಟ್ಟಿದವರ ಮಗ, ಆಗಿನ್ನೂ ಕಾಲೇಜು ವಿದ್ಯಾರ್ಥಿ. ಪ್ಯಾರಿಸ್ಸಿನಲ್ಲಿದ್ದ ಪರಿಚಯದವರೊಬ್ಬರು ಅವನಿಗೆ ಒಂದು ಪತ್ರ ಬರೆದಿದ್ದರು. ಇಲ್ಲಿ ಫೆಬ್ರವರಿ 14ಕ್ಕೆ ಪ್ರೇಮಿಗಳು ಹೂವು, ಕಾರ್ಡು, ಚಾಕಲೇಟು ಕೊಟ್ಟುಕೊಳ್ತಾರೆ ಅಂತ. ನಮ್ಮದೂ ಚಾಕಲೇಟು ಕಂಪನಿ ತಾನೇ, ನಾವ್ಯಾಕೆ ಮಾಡಬಾರದು ಅಂತ ಅವನು ಮಳಿಗೆಯಲ್ಲಿ ಜಾಗ ಕೇಳಿ ಬೋರ್ಡು ಹಾಕಿದ. ಬಂದವರಿಗೆ ವ್ಯಾಲೆಂಟೈನ್ ಅಂದ್ರೆ ಏನು ಅಂತಲೇ ಗೊತ್ತಿರಲಿಲ್ಲ. ಮುಂದೆ ಇದೇ ಹುಡುಗ ಕಂಪನಿಯ ಅಧ್ಯಕ್ಷನಾದ. ಆ 170 ಯೆನ್ನಿನ ಲೆಕ್ಕ ಜಪಾನಿನಲ್ಲಿ ಇವತ್ತಿಗೂ ಕತೆಯ ಹಾಗೆ ಓಡಾಡುತ್ತೆ.

ನಿಜ ಹೇಳಬೇಕಂದ್ರೆ ಇವನೇ ಮೊದಲಿಗನಲ್ಲ. 1936ರ ಫೆಬ್ರವರಿ 12ರಂದು ಕೋಬೆ ನಗರದ ಮೊರೊಜೊಫ್ ಕಂಪನಿ 'ಜಪಾನ್ ಅಡ್ವರ್ಟೈಸರ್' ಪತ್ರಿಕೆಯಲ್ಲಿ ವ್ಯಾಲೆಂಟೈನ್ ಚಾಕಲೇಟಿನ ಜಾಹೀರಾತು ಕೊಟ್ಟಿತ್ತು. ಅದು ಇಂಗ್ಲಿಷ್ ಪತ್ರಿಕೆ, ಓದ್ತಾ ಇದ್ದವರು ಹೆಚ್ಚಾಗಿ ಅಲ್ಲಿದ್ದ ವಿದೇಶಿಯರು. ಹೆಸರೇ ಹೇಳುವ ಹಾಗೆ ಈ ಮೊರೊಜೊಫ್ ರಷ್ಯದ ಕ್ರಾಂತಿಯ ಕಾಲದಲ್ಲಿ ದೇಶ ಬಿಟ್ಟು ಬಂದ ಕುಟುಂಬ. ಅವರ ಮಗನ ಹೆಸರು ವ್ಯಾಲೆಂಟಿನ್ ಅಂತಲೇ ಇತ್ತು, ಕಾಕತಾಳೀಯ ನೋಡಿ. ಪಾಪ, ಜಪಾನಿ ಪಾಲುದಾರರ ಜೊತೆ ಕೋರ್ಟು ಕಚೇರಿ ಅಂತ ಅಲೆದು ಆ ಕುಟುಂಬ ಕೊನೆಗೆ ತನ್ನದೇ ಹೆಸರನ್ನು ಅಂಗಡಿಗೆ ಇಟ್ಟುಕೊಳ್ಳುವ ಹಕ್ಕನ್ನೂ ಕಳೆದುಕೊಂಡಿತು. ಮೊರೊಜೊಫ್ ಕಂಪನಿ ಇವತ್ತೂ ಇದೆ.

1936ಕ್ಕೂ 1958ಕ್ಕೂ ನಡುವೆ ಒಂದು ಯುದ್ಧ ಆಗಿಹೋಯಿತು. 1940ರ ಕೊನೆಯ ಹೊತ್ತಿಗೆ ಜಪಾನಿಗೆ ಕೋಕೋ ಬೀಜ ಬರೋದೇ ನಿಂತಿತು. ಸೋತ ಮೇಲೆ ಚಾಕಲೇಟು ಅಂದ್ರೆ ಜೀಪಿನಲ್ಲಿ ಬರುವ ಅಮೆರಿಕನ್ ಸೈನಿಕರು ಮಕ್ಕಳ ಕಡೆ ಎಸೆಯುವ ವಸ್ತು. ಜಪಾನಿ ಕಂಪನಿಗಳು ಗ್ಲೂಕೋಸಿನಲ್ಲಿ ಏನೇನೋ ಬೆರೆಸಿ ಅದನ್ನೇ ಚಾಕಲೇಟು ಅಂತ ಮಾರಿದವು. 1951ರಲ್ಲಿ ಬೀಜ ಮತ್ತೆ ಬರತೊಡಗಿತು, 1960ರಲ್ಲಿ ಆಮದು ಪೂರ್ತಿ ಮುಕ್ತವಾಯಿತು. ಅಂದ್ರೆ ಆ ಮೂರು ಚಾಕಲೇಟು ಮಾರಿದ ಕಾಲಕ್ಕೆ ಅದಿನ್ನೂ ಅಪರೂಪದ ತಿಂಡಿ. ಅಂಥದ್ದನ್ನು ಒಬ್ಬ ಹುಡುಗಿ ಒಬ್ಬ ಹುಡುಗನಿಗೆ ಸುಮ್ಮನೆ ಯಾಕೆ ಕೊಡಬೇಕು?

ಇದಕ್ಕೆ ಮೇರಿ ಕಂಪನಿ ಮರುವರ್ಷ ಒಂದು ಉತ್ತರ ಕಂಡುಕೊಂಡಿತು. 1959ರಲ್ಲಿ ಅವರು ಹೃದಯದ ಆಕಾರದ ಚಾಕಲೇಟು ಮಾಡಿದರು. ಅದರ ಮೇಲೆ ಕೊಡುವವಳ ಹೆಸರು, ಪಡೆಯುವವನ ಹೆಸರು ಎರಡನ್ನೂ ಕೆತ್ತಿಕೊಡುವ ವ್ಯವಸ್ಥೆ ಇತ್ತು. ಜೊತೆಗೆ, ವರ್ಷಕ್ಕೆ ಒಂದು ದಿನ ಹೆಣ್ಣೇ ಮುಂದಾಗಿ ಪ್ರೀತಿ ಹೇಳಬಹುದು ಅನ್ನೋ ಅರ್ಥದ ಪ್ರಚಾರ. ಯುರೋಪಿನಲ್ಲಿ ಇಬ್ಬರೂ ಕೊಟ್ಟುಕೊಳ್ಳೋದು ಇಲ್ಲಿ ಹೆಣ್ಣಿನಿಂದ ಗಂಡಿಗೆ ಮಾತ್ರ ಅಂತ ಬದಲಾಯಿತು. ಇದಕ್ಕೆ ಎಲ್ಲರೂ ಹೇಳುವ ಕಾರಣ ತುಂಬಾ ಸಪ್ಪೆ: ದೊಡ್ಡ ಮಳಿಗೆಗಳಿಗೆ ಬರ್ತಾ ಇದ್ದ ಗಿರಾಕಿಗಳಲ್ಲಿ ಹೆಂಗಸರೇ ಹೆಚ್ಚು. ಯಾರ ಕೈಯಲ್ಲಿ ಪರ್ಸು ಇದೆಯೋ ಅವರಿಗೆ ಪ್ರೀತಿ ಹೇಳುವ ಹಕ್ಕು ಸಿಕ್ಕಿತು.

ನನಗೆ ಇದು ಅರ್ಧ ಉತ್ತರ ಅನ್ಸುತ್ತೆ. ಜಾಹೀರಾತು ಕೊಟ್ಟ ಮಾತ್ರಕ್ಕೆ ಸಂಪ್ರದಾಯ ಹುಟ್ಟೋ ಹಾಗಿದ್ರೆ 1936ರಲ್ಲೇ ಹುಟ್ಟಬೇಕಿತ್ತು. ಜಪಾನಿನ ಮದುವೆಯ ಲೆಕ್ಕ ನೋಡಿ. ಯುದ್ಧಕ್ಕೆ ಮೊದಲು ಅಲ್ಲಿ ಹೆಚ್ಚಿನ ಮದುವೆಗಳನ್ನು ನಮ್ಮಲ್ಲಿಯ ಹಾಗೇ ಹಿರಿಯರು, ಮಧ್ಯಸ್ಥರು ಕೂಡಿ ಮಾಡಿಸ್ತಿದ್ದರು. ಹೆಣ್ಣು ನೋಡುವ ಶಾಸ್ತ್ರಕ್ಕೆ ಅವರು 'ಮಿಯಾಯ್' ಅಂತಾರೆ. 1960ರ ದಶಕದ ಕೊನೆಯ ಹೊತ್ತಿಗೆ ತಕ್ಕಡಿ ಆ ಕಡೆ ವಾಲಿತು. ಹಿರಿಯರು ಮಾಡಿಸಿದ ಮದುವೆಗಿಂತ ಹುಡುಗ ಹುಡುಗಿ ತಾವೇ ಮೆಚ್ಚಿ ಆದ ಮದುವೆ ಹೆಚ್ಚಾದವು. ಫೆಬ್ರವರಿ 14 ಶಾಲೆ ಕಾಲೇಜಿನ ಹುಡುಗಿಯರ ಕೈಗೆ ಬಂದು ಊರೆಲ್ಲಾ ಹಬ್ಬಿದ್ದು 1970ರ ದಶಕದಲ್ಲಿ. ಎರಡೂ ಹಿಂದೆ ಮುಂದೆ ಬಂದಿವೆ. ಮಧ್ಯಸ್ಥರು ಹೊರಟುಹೋದ ಮೇಲೆ ಮೊದಲ ಮಾತು ಯಾರಾದರೂ ಆಡಲೇಬೇಕಲ್ಲ. ಬಾಯಲ್ಲಿ ಹೇಳೋಕೆ ಸಂಕೋಚ ಪಡುವ ಸಮಾಜದಲ್ಲಿ ಒಂದು ಡಬ್ಬಿ ಆ ಕೆಲಸ ಮಾಡಿತು. ಹುಡುಗನ ಶೂ ಇಡುವ ಗೂಡಿನಲ್ಲೋ ಡೆಸ್ಕಿನಲ್ಲೋ ಡಬ್ಬಿ ಇಟ್ಟು ಓಡಿಹೋದರೆ ಆಯ್ತು.

ಆದರೆ ಈ ಕೆಲಸ ಬಹಳ ದಿನ ಸಲೀಸಾಗಿ ನಡೀಲಿಲ್ಲ. 1980ರ ದಶಕದಲ್ಲಿ 'ಗಿರಿ ಚೋಕೋ' ಅನ್ನೋ ಶಬ್ದ ಬಂತು. ಗಿರಿ ಅಂದ್ರೆ ಕರ್ತವ್ಯ, ಋಣ, ಮುಲಾಜು. ಮೂರೂ ಸೇರಿಸಿದರೆ ಹತ್ತಿರದ ಅರ್ಥ ಬರುತ್ತೆ. ಆಫೀಸಿನ ಹೆಣ್ಣುಮಕ್ಕಳು ಬಾಸಿಗೆ, ಪಕ್ಕದ ಸೀಟಿನವನಿಗೆ, ಇಡೀ ಟೀಮಿನ ಗಂಡಸರಿಗೆ ಒಂದೊಂದು ಚಾಕಲೇಟು ಹಂಚಬೇಕು ಅನ್ನೋದು ಅಲಿಖಿತ ನಿಯಮವಾಯಿತು. ಪ್ರೀತಿಸಿದವನಿಗೆ ಕೊಡೋದಕ್ಕೆ 'ಹೊನ್‌ಮೇಯ್' ಅಂತ ಬೇರೆ ಹೆಸರು. ಕುದುರೆ ಜೂಜಿನಲ್ಲಿ ಗೆಲ್ಲುತ್ತೆ ಅಂತ ಎಲ್ಲರೂ ದುಡ್ಡು ಕಟ್ಟುವ ಕುದುರೆಗೂ ಅದೇ ಹೆಸರು.

ಗಂಡಸರು ಬರೀ ತಗೊಂಡು ಸುಮ್ಮನಿದ್ರಾ ಅಂದ್ರೆ, ಇದ್ರು. ಹಾಗಂತ ಒಬ್ಬ ಹೆಣ್ಣುಮಗಳು ಪತ್ರಿಕೆಗೆ ಬರೆದ ಪತ್ರದಲ್ಲಿ ದೂರಿದಳು: ಚಾಕಲೇಟು ನಾವು ಕೊಡೋದು, ತಿರುಗಿ ಏನೂ ಬರೋದಿಲ್ಲ, ಕನಿಷ್ಠ ಒಂದು ಮಾರ್ಷ್‌ಮ್ಯಾಲೋ ಆದ್ರೂ ಕೊಡಬಾರದಾ? ಈ ಪತ್ರ ಫುಕುವೋಕದ ಇಶಿಮುರಾ ಮಾನ್ಸೆಯ್ದೋ ಎಂಬ ಮಿಠಾಯಿ ಅಂಗಡಿಯ ಯಜಮಾನರ ಕಣ್ಣಿಗೆ ಬಿತ್ತು. ಅವರದ್ದು ಮೊಟ್ಟೆಯ ಬಿಳಿ ಭಾಗದಿಂದ ಮಾರ್ಷ್‌ಮ್ಯಾಲೋ ಮಾಡುವ ಮನೆತನ. ನೀನು ಕೊಟ್ಟ ಚಾಕಲೇಟನ್ನು ನನ್ನ ಮೆತ್ತನೆ ಮಾರ್ಷ್‌ಮ್ಯಾಲೋದಲ್ಲಿ ಸುತ್ತಿ ವಾಪಸ್ ಕೊಡ್ತೀನಿ ಅನ್ನೋ ಕಲ್ಪನೆ ಹೊಳೆದು, 1978ರ ಮಾರ್ಚ್ 14ರಂದು ಅವರು 'ಮಾರ್ಷ್‌ಮ್ಯಾಲೋ ದಿನ' ಶುರು ಮಾಡಿದರು. ಮಿಠಾಯಿ ತಯಾರಕರ ರಾಷ್ಟ್ರೀಯ ಸಂಘದವರು 1980ರಿಂದ ಅದೇ ತಾರೀಕಿಗೆ 'ವೈಟ್ ಡೇ' ನಡೆಸತೊಡಗಿದರು. ಕೊಟ್ಟಿದ್ದಕ್ಕೆ ಮೂರು ಪಟ್ಟು ವಾಪಸ್ ಬರಬೇಕು ಅನ್ನೋ ಮಾತೂ ಆಮೇಲೆ ಹುಟ್ಟಿತು. ಮದುವೆಯಲ್ಲಿ ಬಂದ ಮುಯ್ಯಿಯನ್ನು ವಹಿಯಲ್ಲಿ ಬರೆದಿಟ್ಟು ತೀರಿಸುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಹೀಗೆ ಎಲ್ಲರೂ ಎಲ್ಲರಿಗೂ ಕೊಡತೊಡಗಿದಾಗ ಹುಡುಗಿಗೆ ಒಂದು ಪೇಚಾಟ ಬಂತು. ಅವಳು ಕೊಡುವ ಡಬ್ಬಿ ಮುಲಾಜಿನದೋ ಮನಸ್ಸಿನದೋ ಅಂತ ಅವನಿಗೆ ಗೊತ್ತಾಗೋದು ಹೇಗೆ? ಎರಡೂ ಅದೇ ಅಂಗಡಿಯವು, ಅದೇ ರಿಬ್ಬನ್ನು. ದುಬಾರಿ ಡಬ್ಬಿ ಕೊಡಬಹುದು, ಆದರೆ ಹೈಸ್ಕೂಲು ಹುಡುಗಿಯ ಹತ್ತಿರ ದುಡ್ಡೆಲ್ಲಿರುತ್ತೆ? 'ತೆಜುಕುರಿ' ಚಾಕಲೇಟಿಗೆ, ಅಂದ್ರೆ ಕೈಯಾರೆ ಮಾಡಿದ್ದಕ್ಕೆ, ಅಷ್ಟು ಬೆಲೆ ಬಂದಿದ್ದು ಇದಕ್ಕೇ ಅಂತ ನನ್ನ ತರ್ಕ. ಅಂಗಡಿಯದ್ದು ಎಷ್ಟು ಸುಲಭವಾಗಿ ಹಂಚುವ ವಸ್ತುವಾಯಿತೋ ಮನೆಯದ್ದು ಅಷ್ಟು ತೂಕದ್ದಾಯಿತು.

ಆನ್‌ಸೈಟ್ ಅಂತ ಒಂದು ಚಳಿಗಾಲ ನಾನು ಟೋಕಿಯೋದಲ್ಲಿದ್ದೆ. ಜನವರಿ ಕೊನೆಗೆ ಸೂಪರ್ ಮಾರ್ಕೆಟ್ಟಿನಲ್ಲಿ, ನೂರು ಯೆನ್ನಿನ ಅಂಗಡಿಯಲ್ಲಿ ಒಂದು ಇಡೀ ಸಾಲು ಬದಲಾಗಿಬಿಡ್ತಿತ್ತು. ಸಿಲಿಕೋನ್ ಅಚ್ಚುಗಳು, ಕೋಕೋ ಪುಡಿ, ಬಣ್ಣದ ಸಕ್ಕರೆ ಕಾಳು, ಬರೆಯೋಕೆ ಪೆನ್ನಿನಂಥ ಚಾಕಲೇಟು ಟ್ಯೂಬು, ಪುಟ್ಟ ಪುಟ್ಟ ಚೀಲ. ಅವುಗಳ ಪಕ್ಕದಲ್ಲೇ ಮೇಯ್ಜಿ ಕಂಪನಿಯ ಮಾಮೂಲಿ ಹಾಲು ಚಾಕಲೇಟಿನ ಪಟ್ಟಿ, ಲೋಟೆಯವರ ಕೆಂಪು ಕಾಗದದ 'ಘಾನಾ' ಪಟ್ಟಿ. ಮೊದಲನೆಯದು 1926ರಿಂದ ಇದೆ, ಎರಡನೆಯದು 1964ರಿಂದ. ಯೂನಿಫಾರ್ಮ್ ಹಾಕಿದ ಹುಡುಗಿಯರು ಬುಟ್ಟಿ ಹಿಡಿದು ಗುಸುಗುಸು ಮಾತಾಡ್ತಾ ಆರಿಸ್ತಿದ್ದರು. ಕೈಯಾರೆ ಮಾಡೋದು ಅಂದ್ರೆ ಯಾರೂ ಘಾನಾ ದೇಶದ ಕೋಕೋ ಬೀಜ ತಂದು ಹುರಿದು ಅರೆಯೋದಿಲ್ಲ. ಅಂಗಡಿಯಲ್ಲಿ ಚೆನ್ನಾಗಿ ಮಾಡಿಟ್ಟಿರುವ ಚಾಕಲೇಟನ್ನು ತಂದು, ಕರಗಿಸಿ, ಬೇರೆ ಆಕಾರದಲ್ಲಿ ಗಟ್ಟಿ ಮಾಡೋದು. ಅಷ್ಟೇ.

ಇದರಲ್ಲೇನು ಮಹಾ ಅಂತ ನಗಬಹುದು. ಜಪಾನಿನಲ್ಲೂ ನಗುವವರಿದ್ದಾರೆ. ಆದರೆ ಕರಗಿಸಿ ಗಟ್ಟಿ ಮಾಡೋದು ಮೇಲ್ನೋಟಕ್ಕೆ ಕಾಣುವಷ್ಟು ಸುಲಭವಲ್ಲ. ಕೋಕೋ ಬೆಣ್ಣೆ ಆರು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲದು. ನಮಗೆ ಬೇಕಾಗಿರೋದು ಐದನೆಯ ಬಗೆ ಮಾತ್ರ. ಅದು ಕರಗೋದು ಸುಮಾರು 34 ಡಿಗ್ರಿಯಲ್ಲಿ. ಅದಕ್ಕೇ ಕೈಯಲ್ಲಿ ಹಿಡಿದಾಗ ತಡೆದುಕೊಂಡು ಬಾಯಿಗಿಟ್ಟ ಕೂಡಲೇ ಕರಗೋದು, ಮುರಿದಾಗ ಟಪ್ ಅನ್ನೋದು. ಆ ಹರಳು ಬರಬೇಕಂದ್ರೆ ಕಪ್ಪು ಚಾಕಲೇಟನ್ನು 50 ಡಿಗ್ರಿಯ ಆಸುಪಾಸಿಗೆ ಕರಗಿಸಿ, 27-28ಕ್ಕೆ ತಣಿಸಿ, ಮತ್ತೆ 31-32ಕ್ಕೆ ಏರಿಸಿ ಅಲ್ಲೇ ಹಿಡಿದಿಟ್ಟು ಅಚ್ಚಿಗೆ ಹುಯ್ಯಬೇಕು. ಸುಮ್ಮನೆ ಕರಗಿಸಿ ಫ್ರಿಜ್ಜಿನಲ್ಲಿಟ್ಟರೆ ಬೇರೆ ಬಗೆಯ ಹರಳು ಕಟ್ಟಿ, ಚಾಕಲೇಟು ಮೆತ್ತಗಾಗಿ, ನಾಲ್ಕು ದಿನಕ್ಕೆ ಮೇಲೆ ಬೆಳ್ಳಗೆ ಬೂಷ್ಟು ಹಿಡಿದ ಹಾಗೆ ಕಾಣುತ್ತೆ. ಬೂಷ್ಟಲ್ಲ ಅದು, ತಿಂದರೆ ಏನೂ ಆಗೋದಿಲ್ಲ. ಆದರೆ ಪ್ರೀತಿಸಿದವನಿಗೆ ಅಂಥದ್ದನ್ನು ಕೊಡೋಕಾಗುತ್ತಾ? ಕರಗಿಸುವಾಗ ಒಂದು ಹನಿ ನೀರು ಬಿದ್ದರೂ ಮುಗೀತು, ಪೂರ್ತಿ ಗಂಟು ಗಂಟಾಗಿ ಉಪ್ಪಿಟ್ಟಿನ ಹಾಗೆ ಆಗಿಬಿಡುತ್ತೆ.

ಈ ಕಷ್ಟಕ್ಕೆ ಒಂದು ಅಡ್ಡದಾರಿಯೂ ಸಿಕ್ಕಿತು. 1988ರಲ್ಲಿ ಕನಗಾವಾ ಪ್ರಾಂತದ ಹಿರಾತ್ಸುಕಾ ಊರಿನ ಸಿಲ್ಸ್‌ಮಾರಿಯಾ ಎಂಬ ಅಂಗಡಿ 'ನಾಮಾ ಚೋಕೋ' ಮಾಡಿತು. ನಾಮಾ ಅಂದ್ರೆ ಹಸಿ, ತಾಜಾ. ಬಿಸಿ ಕ್ರೀಮಿನಲ್ಲಿ ಚಾಕಲೇಟು ಕರಗಿಸಿ, ತಟ್ಟೆಗೆ ಹುಯ್ದು, ಫ್ರಿಜ್ಜಿನಲ್ಲಿಟ್ಟು, ಬರ್ಫಿಯ ಹಾಗೆ ಚೌಕ ಚೌಕ ಕೊಯ್ದು ಮೇಲೆ ಕೋಕೋ ಪುಡಿ ಉದುರಿಸೋದು. ಇದು ಮೊದಲೇ ಮೆತ್ತಗಿರಬೇಕಾದ ತಿಂಡಿ, ಟಪ್ ಅನ್ನಬೇಕಾಗಿಲ್ಲ, ಹೊಳೆಯಬೇಕಾಗಿಲ್ಲ. ಹರಳಿನ ರಗಳೆಯೇ ಇಲ್ಲ. ಥರ್ಮಾಮೀಟರ್ ಇಲ್ಲದ ಅಡುಗೆಮನೆಯಲ್ಲೂ ಕೆಡದ ಸಿಹಿ ಸಿಕ್ಕಿದ್ದರಿಂದಲೇ ಫೆಬ್ರವರಿ 13ರ ರಾತ್ರಿ ಅಷ್ಟೊಂದು ಮನೆಗಳಲ್ಲಿ ಇದನ್ನು ಮಾಡ್ತಾರೆ ಅಂತ ನನ್ನ ಅಂದಾಜು. ನಮ್ಮ ಕೆಲಸದಲ್ಲೂ ಹೀಗೇ ಅಲ್ವಾ, ಕೆಲವು ಬಗ್‌ಗಳನ್ನು ಸರಿಪಡಿಸೋಕಾಗೋದಿಲ್ಲ, ಡಿಸೈನನ್ನೇ ಬದಲಾಯಿಸಿಬಿಡೋದು.

ಅಚ್ಚು, ಪಾಕ, ಹರಳು ಅಂತ ಬರೆಯುವಾಗ ಧಾರವಾಡ, ಹಾವೇರಿ, ಗದಗ ಕಡೆಯವರಿಗೆ ಏನೋ ನೆನಪಾಗ್ತಿರಬೇಕು. ದೀಪಾವಳಿ ಆದ ಮೇಲೆ ಬರುವ ಗೌರಿ ಹುಣ್ಣಿಮೆಯ ಸಕ್ಕರೆ ಆರತಿ. ಸಕ್ಕರೆ ಪಾಕವನ್ನು ಕುದಿಸಿ, ಚೂರು ಹಾಲು ಹಾಕಿ ಕೊಳೆ ತೆಗೆದು, ಮಸುಕಾಗುವ ಹೊತ್ತಿಗೆ ಸರಿಯಾಗಿ, ನೀರಲ್ಲಿ ನೆನೆಸಿ ಬಿಗಿಯಾಗಿ ಕಟ್ಟಿಟ್ಟ ಮರದ ಅಚ್ಚಿಗೆ ಹುಯ್ಯೋದು. ಸ್ವಲ್ಪ ಹೊತ್ತಿಗೆ ಬಿಚ್ಚಿದರೆ ಆನೆ, ಒಂಟೆ, ನವಿಲು, ಬಸವಣ್ಣ, ತೇರು. ಬಿಳಿ, ಹಳದಿ, ಗುಲಾಬಿ. ಪಾಕ ಎಳಸಾದರೆ ಆನೆಯ ಸೊಂಡಿಲು ಅಚ್ಚಿನಲ್ಲೇ ಉಳಿಯುತ್ತೆ, ಬಲಿತರೆ ಹುಯ್ಯೋಕೇ ಬರೋದಿಲ್ಲ. ಇಲ್ಲಿ ಸಕ್ಕರೆ, ಅಲ್ಲಿ ಕೋಕೋ ಬೆಣ್ಣೆ, ಎರಡೂ ಕಡೆ ಹರಳು ಕಟ್ಟುವ ಗಳಿಗೆಯನ್ನು ಹಿಡಿಯುವ ಆಟವೇ. ನಮ್ಮವರು ಥರ್ಮಾಮೀಟರ್ ಬದಲು 'ಹದ' ಅನ್ನೋ ಶಬ್ದ ಇಟ್ಟುಕೊಂಡಿದ್ದರು, ಅಷ್ಟೇ ವ್ಯತ್ಯಾಸ.

ಸಕ್ಕರೆ ಆರತಿಗೂ ಜೋಡಿಗಳಿಗೂ ಸಂಬಂಧ ಇದೆ. ಮದುವೆ ಗೊತ್ತಾದ ಹುಡುಗಿಯ ಮನೆಗೆ ಆ ವರ್ಷದ ಹುಣ್ಣಿಮೆಗೆ ಗಂಡಿನ ಕಡೆಯವರು ಸೀರೆ, ಹೂವಿನ ಜೊತೆ ಸಕ್ಕರೆ ಆರತಿ ತರ್ತಾರೆ. ನಮ್ಮವ್ವನಿಗೂ ಬಂದಿತ್ತು. ತಂದವರು ಅತ್ತೆ, ಮಾವ, ನಾದಿನಿ. ಅಪ್ಪ ಬಂದಿರಲಿಲ್ಲ. "ಅವಾಗ ಹಂಗೆಲ್ಲ ಬರೂ ಹಂಗಿರಲಿಲ್ಲಪಾ" ಅಂತಾಳೆ ಅವ್ವ. ಆ ತಟ್ಟೆಯಲ್ಲಿ ಗುಲಾಬಿ ಬಣ್ಣದ ಒಂದು ಒಂಟೆ ಇತ್ತಂತೆ, ಉಳಿದ ಗೊಂಬೆಗಳಿಗಿಂತ ದೊಡ್ಡದು, ಒಂದು ಕಾಲು ಸೊಟ್ಟ. ಅದನ್ನು ಯಾರು ಆರಿಸಿ ಇಟ್ಟರು ಅಂತ ಅವ್ವ ಇಷ್ಟು ವರ್ಷವಾದರೂ ಕೇಳಿಲ್ಲ, ಅಪ್ಪ ಹೇಳಿಲ್ಲ. ಆದರೆ ಆ ಒಂಟೆಯನ್ನು ಅವಳು ಯಾರಿಗೂ ಮುರಿದು ಕೊಡಲಿಲ್ಲ, ಇರುವೆ ಮುತ್ತುವ ತನಕ ಮಾಡದಲ್ಲಿ ಇಟ್ಟಿದ್ದಳು ಅಂತ ಚಿಕ್ಕಮ್ಮ ನಗ್ತಾಳೆ.

ಜಪಾನಿನ ಹುಡುಗಿಗೆ ಈ ಅತ್ತೆ ಮಾವಂದಿರ ಮರೆ ಇಲ್ಲ. ಅವಳಿಗಿದ್ದ ಮರೆ ಬೇರೆ, ಅದು ಮೇಲೆ ಹೇಳಿದ ಗಿರಿ. ಎಲ್ಲರೂ ಬೈಯುವ ಈ ಗಿರಿಗೆ ಒಂದು ಒಳ್ಳೆ ಗುಣವೂ ಇತ್ತು. ಅಂಗಡಿಯ ಡಬ್ಬಿ ಕೊಟ್ಟು, ಅವನ ಮುಖ ನೋಡಿ, ಆಸಕ್ತಿ ಇಲ್ಲ ಅನ್ನಿಸಿದರೆ 'ಅಯ್ಯೋ, ಸುಮ್ಮನೆ ಮುಲಾಜಿಗೆ ಕೊಟ್ಟಿದ್ದು' ಅಂದುಬಿಡಬಹುದಿತ್ತು. ಮಾನ ಉಳಿಯುತ್ತಿತ್ತು. ತನ್ನ ಕೈಯಾರೆ ಮಾಡಿ, ಅವನ ಹೆಸರು ವಕ್ರವಕ್ರವಾಗಿ ಬರೆದು ಕೊಟ್ಟ ಮೇಲೆ ಆ ದಾರಿ ಮುಚ್ಚಿತು. ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆಯುವ ಹುಡುಗಿ ಮುಲಾಜಿಗೆ ಅಂತ ಹೇಳಿದರೆ ಯಾರು ನಂಬ್ತಾರೆ? ತೆಜುಕುರಿ ಚಾಕಲೇಟಿಗೆ 'ಒಮೊಯ್', ಅಂದ್ರೆ ಭಾರ, ಅಂತ ಹಿಂಜರಿಯುವ ಹುಡುಗರೂ ಅಲ್ಲಿದ್ದಾರೆ. ಹಗುರವಾಗಿ ತಗೊಂಡು ಹಗುರವಾಗಿ ಮರೆಯೋ ಹಾಗಿಲ್ಲ ಅನ್ನೋ ಭಯ. ನನಗೆ ಆ ಹುಡುಗರ ಬಗ್ಗೆ ಅಷ್ಟೇನೂ ಮರುಕ ಇಲ್ಲ. ಹೇಳುವ ಧೈರ್ಯ ಅವಳದ್ದು, ಕೇಳಿಸಿಕೊಳ್ಳೋಕೆ ಇವನಿಗೇನು ಕಷ್ಟ?

ಈ ಮರೆಯ ಬೆಲೆ ಕಂಪನಿಗಳಿಗೂ ಗೊತ್ತಿತ್ತು. 'ಬ್ಲ್ಯಾಕ್ ಥಂಡರ್' ಅಂತ ಒಂದು ಅಗ್ಗದ ಚಾಕಲೇಟು ಇದೆ. ಇದನ್ನು ನೋಡಿದ ಕೂಡಲೇ ಮುಲಾಜಿನದ್ದು ಅಂತ ಗೊತ್ತಾಗುತ್ತೆ ಅಂತಲೇ ಅದರ ಜಾಹೀರಾತು ಇತ್ತು! ತಪ್ಪು ತಿಳಿಯುವ ಅಪಾಯ ಇಲ್ಲ, ನಿಶ್ಚಿಂತೆಯಿಂದ ಹಂಚಿ ಅಂತ. 2018ರ ಫೆಬ್ರವರಿ 1ರಂದು ಇದಕ್ಕೆ ತದ್ವಿರುದ್ಧವಾಗಿ ಗೊಡೈವಾ ಕಂಪನಿಯ ಜಪಾನ್ ಶಾಖೆ 'ನಿಕ್ಕೆಯ್' ಪತ್ರಿಕೆಯಲ್ಲಿ ಪೂರ್ತಿ ಪುಟದ ಜಾಹೀರಾತು ಹಾಕಿ, ಗಿರಿ ಚೋಕೋ ಪದ್ಧತಿಯನ್ನೇ ನಿಲ್ಲಿಸೋಣ ಅಂದಿತು. ದೊಡ್ಡ ಚರ್ಚೆಯಾಯಿತು. ದುಬಾರಿ ಚಾಕಲೇಟು ಮಾರುವವರಿಗೆ ಅಗ್ಗದ್ದು ನಿಂತರೆ ಏನು ನಷ್ಟ ಅಂತ ಕುಹಕ ಆಡಿದವರೂ ಇದ್ದರು, ಅದರಲ್ಲಿ ತಪ್ಪೇನೂ ಕಾಣೋದಿಲ್ಲ. ಆದರೂ ಆಫೀಸಿನ ಎಷ್ಟೋ ಹೆಣ್ಣುಮಕ್ಕಳು ನಿಟ್ಟುಸಿರು ಬಿಟ್ಟಿರಬೇಕು.

ಅಷ್ಟರಲ್ಲಿ ಹುಡುಗಿಯರು ತಮ್ಮ ದಾರಿ ತಾವು ಹಿಡಿದಾಗಿತ್ತು. 2000ದ ನಂತರ 'ತೊಮೊ ಚೋಕೋ' ಬಂತು, ತೊಮೊ ಅಂದ್ರೆ ಗೆಳತಿ. ಒಂದೇ ರಾತ್ರಿ ಇಪ್ಪತ್ತು ಮೂವತ್ತು ಚೂರು ಮಾಡಿ ಗೆಳತಿಯರಿಗೆಲ್ಲ ಹಂಚೋದು. ಹುಡುಗರು ಲೆಕ್ಕದಲ್ಲೇ ಇಲ್ಲ. 2009ರಲ್ಲಿ ಮೊರಿನಾಗಾ ಕಂಪನಿ ಗಂಡಸರೇ ಹೆಂಗಸರಿಗೆ ಕೊಡಲಿ ಅಂತ 'ಗ್ಯಾಕು ಚೋಕೋ' ತಂದಿತು. ಗ್ಯಾಕು ಅಂದ್ರೆ ತಿರುಗುಮುರುಗು. ಪೊಟ್ಟಣದ ಮೇಲಿನ ಅಕ್ಷರಗಳನ್ನೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಮುದ್ರಿಸಿದ್ದರು. ತಮಾಷೆ ಚೆನ್ನಾಗಿತ್ತು, ಆದರೆ ಪದ್ಧತಿಯಾಗಿ ನಿಲ್ಲಲಿಲ್ಲ.

ನನ್ನ ಮೆಚ್ಚಿನ ತಮಾಷೆ ಮಾತ್ರ 2013ರದ್ದು. ಟೋಕಿಯೋದ ಶಿಬುಯಾದಲ್ಲಿ ಫ್ಯಾಬ್‌ಕೆಫೆ ಅಂತ ಒಂದು ಜಾಗ ಇದೆ. ಕಾಫಿಯೂ ಸಿಗುತ್ತೆ, ಲೇಸರ್ ಕಟರ್, ತ್ರೀಡಿ ಪ್ರಿಂಟರೂ ಸಿಗುತ್ತೆ. ಆ ವರ್ಷದ ವ್ಯಾಲೆಂಟೈನ್ ಹೊತ್ತಿಗೆ ಅವರು ಹೆಣ್ಣುಮಕ್ಕಳಿಗೆ ಒಂದು ಕಾರ್ಯಾಗಾರ ಇಟ್ಟರು. ಮೊದಲು ನಿಮ್ಮ ಮುಖವನ್ನು ಸ್ಕ್ಯಾನ್ ಮಾಡಬೇಕು, ಅದನ್ನು ಪ್ರಿಂಟ್ ಮಾಡಿ ಪುಟ್ಟ ಮುಖ ತೆಗೀಬೇಕು, ಅದರಿಂದ ಸಿಲಿಕೋನ್ ಅಚ್ಚು, ಅಚ್ಚಿಗೆ ಚಾಕಲೇಟು. ಕೊನೆಗೆ ಡಬ್ಬಿ ತೆರೆದವನಿಗೆ ಸಾಲಾಗಿ ಮಲಗಿರುವ ತನ್ನ ಹುಡುಗಿಯ ಮುಖಗಳು ಕಾಣ್ತವೆ. ಮಾರ್ಚಿನ ವೈಟ್ ಡೇ ಬಂದಾಗ ಗಂಡಸರ ಸರದಿ. ಅವರ ಇಡೀ ದೇಹವನ್ನು ಸ್ಕ್ಯಾನ್ ಮಾಡಿ ಬೆರಳುದ್ದದ ಗಮ್ಮಿ ಮಿಠಾಯಿ ಮಾಡಿಕೊಟ್ಟರು. ಬಣ್ಣಬಣ್ಣದ, ಜಗ್ಗಿದರೆ ಹಿಗ್ಗುವ, ಪ್ಯಾಂಟು ಶರಟು ಹಾಕಿಕೊಂಡ ಪುಟ್ಟ ಗಂಡಸರು. ಮೊದಲು ತಲೆ ಕಚ್ಚಬೇಕೋ ಕಾಲು ಕಚ್ಚಬೇಕೋ ಅನ್ನೋದು ಹುಡುಗಿಗೆ ಬಿಟ್ಟಿದ್ದು.